ಬೂರುಗದ ಕೊಳ್ಳದಲ್ಲಿ ಅಪ್ಪನ ಬಿಲ್ಲು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಎಲ್ಲರ ತಲೆಯ ಮೇಲೂ ಹತ್ತಿ ಇರುತ್ತಿತ್ತು. ಅವ್ವನ ಹೆರಳಿನಲ್ಲಿ ಹತ್ತಿ, ಅಕ್ಕನ ಹುಬ್ಬಿನ ಮೇಲೆ ಹತ್ತಿ, ರೊಟ್ಟಿ ಮುರಿದರೆ ಅದರೊಳಗೂ ಒಂದೆಳೆ ಹತ್ತಿ. ಹೊಸಬರು ಯಾರಾದರೂ ಬಂದರೆ, ಈ ಮನೆಯ ಮಕ್ಕಳಿಗೆ ಇಷ್ಟು ಬೇಗ ಕೂದಲು ಯಾಕೆ ನೆರೆಯಿತು ಎಂದು ಗಾಬರಿಯಾಗಬೇಕು, ಹಾಗಿತ್ತು. ಈಗ ನನ್ನ ತಲೆ ನಿಜವಾಗಿಯೇ ಬೆಳ್ಳಗಾಗಿದೆ. ಎಷ್ಟು ಕೊಡವಿದರೂ ಉದುರುವುದಿಲ್ಲ.

ನಮ್ಮದು ತಾವರಗೇರಾದಲ್ಲಿ ಪಿಂಜಾರರ ಮನೆ. ಪಿಂಜಾರರೆಂದರೆ ಯಾರು ಎಂದು ನೀವು ಕೇಳುತ್ತೀರಿ, ನನಗೆ ಗೊತ್ತು. ನೀವು ಮಲಗುವ ಗಾದಿ ಪ್ಲಾಸ್ಟಿಕ್ ಸುತ್ತಿಕೊಂಡು ಅಂಗಡಿಯಿಂದ ಬರುತ್ತದೆ, ಹಳೆಯದಾದರೆ ಎಸೆಯುತ್ತೀರಿ. ಆಗ ಗಾದಿ ಎಸೆಯುವ ಮಾತೇ ಇರಲಿಲ್ಲ. ವರ್ಷಗಟ್ಟಲೆ ಮಲಗಿ ಮಲಗಿ ಒಳಗಿನ ಹತ್ತಿ ಗಂಟುಗಟ್ಟಿ ಕಲ್ಲಿನಂತಾದಾಗ ಅಪ್ಪನಿಗೆ ಕರೆ ಬರುತ್ತಿತ್ತು. ಅಪ್ಪ ಹೋಗಿ, ಗಾದಿಯ ಹೊಲಿಗೆ ಬಿಚ್ಚಿ, ಹತ್ತಿಯನ್ನೆಲ್ಲ ಅಂಗಳದಲ್ಲಿ ಸುರಿದು, ತನ್ನ ಬಿಲ್ಲಿನಿಂದ ಅದನ್ನು ಮತ್ತೆ ಹಗುರ ಮಾಡಿ, ತುಂಬಿ, ಹೊಲಿದು ಕೊಡುತ್ತಿದ್ದ.

ಆ ಬಿಲ್ಲು ಅಪ್ಪನಿಗಿಂತ ಉದ್ದವಿತ್ತು. ಅದಕ್ಕೆ ನರದಿಂದ ಹೊಸೆದ ಬಿಗಿಯಾದ ತಂತಿ. ಹತ್ತಿಯ ರಾಶಿಗೆ ತಂತಿಯನ್ನು ತಾಗಿಸಿ ಹಿಡಿದು ಮರದ ಕೊಡತಿಯಿಂದ ಒಂದು ಏಟು ಹಾಕಿದರೆ ‘ಡುಂಯ್’ ಎನ್ನುವುದು. ಹತ್ತಿ ಬೆಚ್ಚಿಬಿದ್ದು ಮೇಲಕ್ಕೆ ಹಾರುವುದು. ಡುಂಯ್, ಡುಂಯ್, ಡುಂಯ್. ಹತ್ತಿ ಇಲ್ಲದಾಗ ಸುಮ್ಮನೆ ಬಾರಿಸಿದರೆ ಸಪ್ಪಳ ಇನ್ನೂ ದೂರ ಹೋಗುತ್ತಿತ್ತು. ಪಿಂಜಾರ ಬಂದಿದ್ದಾನೆ ಎಂದು ಓಣಿಗಳಿಗೆ ತಿಳಿಸಲು ಅಪ್ಪ ಬಾಯಿಬಿಟ್ಟು ಕೂಗಿದವನೇ ಅಲ್ಲ. ಬಿಲ್ಲೇ ಕೂಗುತ್ತಿತ್ತು.

ನಮಗೆ, ಎಂದರೆ ಅಕ್ಕನಿಗೂ ನನಗೂ, ಆ ಸಪ್ಪಳ ಮನೆಗೆ ಬರುವ ಕರೆ. ನಾವು ಎಲ್ಲೇ ಆಡುತ್ತಿರಲಿ, ಯಾರ ಮನೆಯಲ್ಲೇ ಕುಳಿತಿರಲಿ, ಅಪ್ಪ ಬಾಗಿಲಲ್ಲಿ ನಿಂತು ಬಿಲ್ಲಿಗೆ ಒಂದೇಟು ಹಾಕಿದರೆ ಓಡಿ ಬರಬೇಕು. ಅಪ್ಪ ಬಡಿಯುವವನಲ್ಲ, ಬೈಯುವವನೂ ಅಲ್ಲ. ಆದರೂ ಆ ಕರೆಗೆ ತಡಮಾಡಿದ ನೆನಪು ನನಗಿಲ್ಲ. ಕುಂಟಾಟದಲ್ಲಿ ಗೆಲ್ಲುವ ಹೊತ್ತಾಗಿದ್ದರೂ ಸರಿ, ಡುಂಯ್ ಎಂದ ಕೂಡಲೇ ನನ್ನ ಕಾಲು ನನ್ನನ್ನು ಕೇಳದೆ ಮನೆಯ ಕಡೆ ತಿರುಗುತ್ತಿದ್ದವು. ಗೆಳತಿಯರು ಇದನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದರು.

ಅಕ್ಕ ನನಗಿಂತ ಬಹಳ ದೊಡ್ಡವಳು. ಅವಳ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಅಪ್ಪನ ಸೈಕಲ್ಲನ್ನು ಕದ್ದು, ಸೀಟಿಗೆ ಎಟುಕದೆ, ನಡುವಿನ ಸಂದಿಯಲ್ಲಿ ಕಾಲು ತೂರಿಸಿ ತುಳಿದು ಕಲಿತವಳು. ಬಿದ್ದು ಮೊಣಕೈ ಒಡೆದುಕೊಂಡಾಗ ಅವ್ವ ರಂಪ ಮಾಡಿದಳು. ಅಪ್ಪ ಮಾತ್ರ ಸೈಕಲ್ಲಿನ ಹ್ಯಾಂಡಲ್ ನೆಟ್ಟಗೆ ಮಾಡುತ್ತ, ‘ಬ್ರೇಕ್ ಮೊದ್ಲ ಹಿಡೀಬೇಕು, ಆಮ್ಯಾಲ ಚೀರಬೇಕು’ ಎಂದನಂತೆ. ಊರ ಸುತ್ತಲಿನ ಗುಡ್ಡಗಳಲ್ಲಿ ಯಾವ ಬಂಡೆಯ ಕೆಳಗೆ ತಂಪಿದೆ, ಎಲ್ಲಿ ಬಾರಿ ಹಣ್ಣು ಸಿಹಿ, ಎಲ್ಲಿ ನವಿಲು ಮೊಟ್ಟೆ ಇಡುತ್ತದೆ, ಎಲ್ಲ ಅವಳಿಗೆ ಗೊತ್ತಿತ್ತು. ಒಂದು ಜಾಗ ಮಾತ್ರ ಅವಳು ನೋಡಿರಲಿಲ್ಲ. ಅದೇ ಬೂರುಗದ ಕೊಳ್ಳದ ತುದಿ.

ಕೊಳ್ಳವೆಂದರೆ ಎರಡು ಗುಡ್ಡಗಳ ನಡುವಿನ ಆಳವಾದ ಸಂದು. ನಮ್ಮ ಕಡೆ ಮೇಲೆ ನಿಂತು ನೋಡಿದರೆ ಬರೀ ಬಂಡೆ, ಬರೀ ಬಿಸಿಲು. ಇಂಥ ಕಡೆ ಮರ ಇರುತ್ತದೆ ಎಂದರೆ ಯಾರೂ ನಂಬುವುದಿಲ್ಲ. ಆದರೆ ಕೊಳ್ಳದೊಳಗೆ ಇಳಿದರೆ ನೆರಳು ಕತ್ತಲೆಯಷ್ಟು ದಟ್ಟ. ಆ ಕೊಳ್ಳದಲ್ಲಿ ಬೂರುಗದ ಮರಗಳು ಹೆಚ್ಚು. ಅದರ ತುದಿಯಲ್ಲಿ ಒಂದು ನೀರಿದೆ, ಬೇಸಿಗೆಯಲ್ಲೂ ಬತ್ತುವುದಿಲ್ಲ ಎಂದು ಆಡು ಕಾಯುವ ಅಜ್ಜನೊಬ್ಬ ಅಕ್ಕನಿಗೆ ಹೇಳಿದ್ದ. ಅಂದಿನಿಂದ ಅವಳಿಗೆ ಅದೇ ಹುಚ್ಚು. ಕೊಡ ಹಿಡಿದು ಬಾವಿಯ ಮುಂದೆ ನಿಂತಾಗಲೂ ಆ ನೀರಿನ ಮಾತೇ ಆಡುತ್ತಿದ್ದಳು.

ಅಷ್ಟರಲ್ಲಿ ಅಕ್ಕನ ನಿಖಾ ಗೊತ್ತಾಯಿತು. ಯಲಬುರ್ಗಾ ಕಡೆಯ ಮಂಗಳೂರಿನ ಮನೆತನ, ಕಡಲ ತೀರದ ಮಂಗಳೂರಲ್ಲ, ಅದೇ ಹೆಸರಿನ ನಮ್ಮ ಕಡೆಯ ಹಳ್ಳಿ. ಒಳ್ಳೆಯ ಜನ. ಆದರೆ ಬೀಗರ ಕಡೆಯ ಒಬ್ಬ ಹಿರಿಯ ಹೆಂಗಸು ನಮ್ಮ ಅಂಗಳದಲ್ಲಿ ಕುಳಿತು ಚಹಾ ಕುಡಿಯುತ್ತ, ಗೋಡೆಗೆ ಒರಗಿಸಿದ ಸೈಕಲ್ಲನ್ನೂ ಅಕ್ಕನನ್ನೂ ನೋಡಿ, ‘ನಮ್ಮ ಮನ್ಯಾಗ ಹೆಣ್ಮಕ್ಕಳು ಹೊಸ್ತಿಲ ದಾಟಿ ತಿರಗೂದಿಲ್ಲರಿ’ ಎಂದರು. ನಗುತ್ತಲೇ ಹೇಳಿದರು. ಅಕ್ಕನೂ ತಲೆ ತಗ್ಗಿಸಿ ನಕ್ಕಳು. ಆ ರಾತ್ರಿ ನನ್ನ ಪಕ್ಕದಲ್ಲಿ ಮಲಗಿ, ‘ಹೋಗೂದರಾಗ ಆ ನೀರ ಒಮ್ಮಿ ನೋಡಬೇಕು ನೋಡು’ ಎಂದು ಪಿಸುಗುಟ್ಟಿದಳು.

ನೋಡಲು ಒಂದು ದಾರಿ ತಾನಾಗಿಯೇ ಸಿಕ್ಕಿತು. ನಮ್ಮ ಅಪ್ಪನ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಮಗಳ ಮದುವೆಯ ಗಾದಿಗೆ ಯಾವ ಹತ್ತಿ ಹಾಕಿದರೂ ನಡೆಯುತ್ತದೆ, ತಲೆದಿಂಬಿಗೆ ಮಾತ್ರ ಬೂರುಗದ ಹತ್ತಿಯೇ ಬೇಕು. ಅದೂ ಹುಡುಗಿಯ ಒಡಹುಟ್ಟಿದವರು ಕಾಡಿಗೆ ಹೋಗಿ ಕೈಯಾರೆ ಆರಿಸಿ ತಂದಿರಬೇಕು. ‘ಹೊಲದ ಹತ್ತಿ ಯಾರೋ ಬಿತ್ತಿದ್ದು, ಯಾರೋ ಬೆವರಿದ್ದು. ಬೂರಗ ಯಾರೂ ಬಿತ್ತಿದ್ದಲ್ಲ. ಅದರ ಮ್ಯಾಲ ತಲಿ ಇಟ್ರ ಯಾರ ಹಂಗೂ ಇರೂದಿಲ್ಲ’ ಎನ್ನುತ್ತಿದ್ದ ಅಪ್ಪ. ಒಡಹುಟ್ಟಿದವಳು ಎಂದು ಇದ್ದವಳು ನಾನೊಬ್ಬಳೇ. ನಾನು ಹೋಗಬೇಕೆಂದರೆ ಅಕ್ಕನೂ ಬೇಕು ಎಂದು ನಾನು ಹಟ ಹಿಡಿದೆ. ಹಟ ಹಿಡಿಯಲು ಹೇಳಿಕೊಟ್ಟವಳು ಯಾರು ಎಂದು ಬೇರೆ ಹೇಳಬೇಕೇ?

ಬೇಸಿಗೆಯ ಒಂದು ದಿನ, ಇನ್ನೂ ಸೂರ್ಯ ಹುಟ್ಟುವ ಮುಂಚೆ ಹೊರಟೆವು. ಅಪ್ಪ ಸೈಕಲ್ ತುಳಿಯುತ್ತಿದ್ದ. ಮುಂದಿನ ಕೊಳವೆಯ ಮೇಲೆ ನಾನು, ಹಿಂದಿನ ಕ್ಯಾರಿಯರ್ ಮೇಲೆ ಅಕ್ಕ, ಅವಳ ತೊಡೆಯ ಮೇಲೆ ರೊಟ್ಟಿಯ ಗಂಟು, ಖಾಲಿ ಗೋಣಿಚೀಲ. ಕಾಯಿ ಕೀಳುವ ಕೊಕ್ಕೆಯ ಬಿದಿರು ಒಂದು ಪಕ್ಕಕ್ಕೆ, ಬಿಲ್ಲು ಇನ್ನೊಂದು ಪಕ್ಕಕ್ಕೆ. ಕಾಡಿಗೆ ಬಿಲ್ಲು ಯಾಕೆ ಎಂದು ಅವ್ವ ಕೇಳಿದಳು. ಬಿಲ್ಲಿಲ್ಲದೆ ಅಪ್ಪ ಊರ ಅಗಸಿ ಬಾಗಿಲು ದಾಟಿದ್ದನ್ನು ನಾನು ನೋಡಿಯೇ ಇಲ್ಲ. ನಮಾಜಿನ ಟೊಪ್ಪಿಗೆ ಮರೆತರೂ ಬಿಲ್ಲು ಮರೆಯುವವನಲ್ಲ ಎಂದು ಅವ್ವ ಹಂಗಿಸುತ್ತಿದ್ದಳು.

ಕೊನೆಯ ಹೊಲ ದಾಟಿ, ಕಾಣುವಷ್ಟು ದೂರ ಮನುಷ್ಯರ ಸುಳಿವಿಲ್ಲ ಎಂದಾದ ಮೇಲೆ ಅಪ್ಪ ಸೈಕಲ್ ನಿಲ್ಲಿಸಿದ. ಬಿಲ್ಲನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಹ್ಯಾಂಡಲನ್ನು ಅಕ್ಕನ ಕೈಗೆ ಕೊಟ್ಟ. ಅಕ್ಕ ಒಂದು ಕ್ಷಣ ಅವನ ಮುಖ ನೋಡಿದಳು. ಆಮೇಲೆ ಲಂಗ ಎತ್ತಿ ಸಿಕ್ಕಿಸಿಕೊಂಡು ಸೈಕಲ್ ಏರಿಯೇ ಬಿಟ್ಟಳು. ನಾನು ಹಿಂದೆ ಜಿಗಿದು ಕುಳಿತು ಅವಳ ಸೊಂಟ ಹಿಡಿದುಕೊಂಡೆ. ಬಂಡಿಯ ಜಾಡಿನ ಮಣ್ಣು ಹಿಟ್ಟಿನಂತೆ ಮೆತ್ತಗಿತ್ತು. ಕೊಯ್ದ ಜೋಳದ ಕೂಳೆಯ ವಾಸನೆ, ಎದುರಿನಿಂದ ತಣ್ಣನೆಯ ಗಾಳಿ, ಅಕ್ಕನ ಹೆರಳು ನನ್ನ ಮುಖಕ್ಕೆ ಬಡಿಯುತ್ತಿತ್ತು. ಅವಳು ಯಾರಿಗೂ ಅಲ್ಲದೆ ಸುಮ್ಮಸುಮ್ಮನೆ ಗಂಟೆ ಬಾರಿಸುತ್ತಿದ್ದಳು. ಆ ಗಾಳಿ ಇವತ್ತಿಗೂ ನನಗೆ ಬೇಕು ಅನ್ನಿಸುತ್ತದೆ. ಫ್ಯಾನಿನ ಕೆಳಗೆ ಕುಳಿತರೂ ಅನ್ನಿಸುತ್ತದೆ.

ಕೊಳ್ಳದ ಬಾಯಲ್ಲಿ ಸೈಕಲ್ಲನ್ನು ಮುತ್ತುಗದ ಗಿಡಕ್ಕೆ ಒರಗಿಸಿ, ಹಿಂದೆ ನಡೆದು ಬಂದ ಅಪ್ಪನ ಜೊತೆ ಒಳಗೆ ಹೊರಟೆವು. ಒಳಗೆ ಕಾಲಿಟ್ಟರೆ ಬೇರೆಯೇ ಲೋಕ. ಮರಳು ತಣ್ಣಗಿತ್ತು. ಎಲ್ಲೋ ನವಿಲು ಕೂಗಿತು, ಆ ಕೂಗು ಈ ಗುಡ್ಡಕ್ಕೊಮ್ಮೆ ಆ ಗುಡ್ಡಕ್ಕೊಮ್ಮೆ ಬಡಿದು ನಮ್ಮ ಹತ್ತಿರ ಬಂತು. ದಾರಿಯಲ್ಲಿ ಕರಡಿಯ ಲದ್ದಿ ಬಿದ್ದಿತ್ತು, ಅದರ ತುಂಬ ಬಾರಿ ಹಣ್ಣಿನ ಬೀಜ. ಅಪ್ಪ ಕೋಲಿನಿಂದ ಕೆದಕಿ ನೋಡಿ, ನಿನ್ನೆಯದು ಎಂದ. ನನಗೆ ಹೆದರಿಕೆಯಾಗಿ ಅಕ್ಕನ ಕೈ ಹಿಡಿದೆ. ಅಕ್ಕನ ಕಣ್ಣು ಮಾತ್ರ ಮೇಲಕ್ಕೆ, ಕೊಳ್ಳ ತಿರುಗುವ ಕಡೆಗಿತ್ತು.

ಬೂರುಗದ ಮರಗಳು ಎತ್ತರವಾಗಿದ್ದವು. ಬೊಡ್ಡೆಯ ತುಂಬ ಮುಳ್ಳು, ಹತ್ತುವಂತಿಲ್ಲ. ಕಾಯಿ ಕಂದುಬಣ್ಣಕ್ಕೆ ತಿರುಗಿ ಇನ್ನೇನು ಬಿರಿಯಬೇಕು ಎನ್ನುವಾಗಲೇ ಕೊಕ್ಕೆ ಹಾಕಿ ಕೀಳಬೇಕು. ಹಸಿ ಇದ್ದರೆ ಹತ್ತಿ ಬಲಿತಿರುವುದಿಲ್ಲ, ಬಿರಿದಿದ್ದರೆ ಗಾಳಿಯ ಪಾಲು. ಆ ವರ್ಷ ಬಹಳ ಕಾಯಿ ಆಗಲೇ ಬಿರಿದಿದ್ದವು. ಗಾಳಿ ಬೀಸಿದಾಗೊಮ್ಮೆ ಇಡೀ ಕೊಳ್ಳದಲ್ಲಿ ಬಿಳಿ ಅರಳೆ ತೇಲುತ್ತಿತ್ತು. ಬಿಸಿಲಿನ ಕೋಲಿನೊಳಗೆ ಬಂದಾಗ ಹೊಳೆಯುತ್ತಿತ್ತು, ನೆರಳಿಗೆ ಹೋದಾಗ ಮಾಯವಾಗುತ್ತಿತ್ತು. ನಾನು ಬಾಯಿ ತೆರೆದುಕೊಂಡು ನೋಡುತ್ತ ನಿಂತು, ಬಾಯೊಳಗೇ ಒಂದು ಅರಳೆ ಹೋಗಿ ಕೆಮ್ಮಿದೆ. ನೋಡಲು ಎಷ್ಟು ಚೆಂದವೋ ಚೀಲಕ್ಕೆ ಅಷ್ಟೇ ನಷ್ಟ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಚೀಲದ ತಳ ಮಾತ್ರ ಮುಚ್ಚಿತ್ತು.

ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ತಿಂದೆವು. ಅಕ್ಕ ತಿನ್ನುತ್ತ ಚೀಲ ನೋಡುವಳು, ಕೊಳ್ಳದ ತಿರುವು ನೋಡುವಳು, ಮತ್ತೆ ಚೀಲ. ದಿಂಬು ತುಂಬಬೇಕಾದರೆ ಸಂಜೆಯವರೆಗೂ ಆರಿಸಬೇಕು. ನೀರಿಗೆ ಹೋದರೆ ದಿಂಬು ಇಲ್ಲ. ಅಪ್ಪ ಕೈ ತೊಳೆದುಕೊಂಡು, ಎತ್ತಲೋ ನೋಡುತ್ತ ಕೇಳಿದ:

‘ಆ ನೀರ ನೋಡಬೇಕಂತಿ?’

ಅಕ್ಕ ನನ್ನ ಕಡೆ ಕಣ್ಣು ಬಿಟ್ಟಳು. ನಾನು ಹೇಳಿರಲಿಲ್ಲ, ಆಣೆ. ಅಪ್ಪಂದಿರಿಗೆ ಕೆಲವು ಯಾರೂ ಹೇಳದೆಯೇ ಗೊತ್ತಾಗುತ್ತವೆ.

‘ಚೀಲ ತುಂಬಿಲ್ಲಲ್ಲಪ್ಪ,’ ಎಂದಳು ಅಕ್ಕ.

‘ಚೀಲ ನಾ ತುಂಬತೀನಿ. ತಂಗಿ ಮುಂಜಾನಿಂದ ಆರಿಸ್ಯಾಳ, ಶಾಸ್ತ್ರಕ್ಕ ಅಷ್ಟು ಸಾಕು. ನೀವಿಬ್ಬರೂ ಹೋಗಿ ಬರ್ರಿ. ಆದ್ರ ಒಂದು ಮಾತು. ಸಂಜಿ ಮುಂದ ಕರಡಿ ನೀರಿಗೆ ಬರ್ತಾವ. ಹೊತ್ತು ವಾಲಿದ ಕೂಡ್ಲೆ ನಾ ಬಿಲ್ಲ ಬಾರಸ್ತೀನಿ. ಎಲ್ಲಿದ್ರೂ ಅಲ್ಲಿಂದ ತಿರಗಬೇಕು. ಮುಂದ ಒಂದ ಹೆಜ್ಜಿ ಇಡಾಂಗಿಲ್ಲ. ಏನು?’

‘ಹೂಂ ಅಪ್ಪ,’ ಎಂದೆವು ಇಬ್ಬರೂ ಒಟ್ಟಿಗೆ. ಅಕ್ಕ ಆಗಲೇ ಓಡುತ್ತಿದ್ದಳು.

ಆ ದಾರಿಯನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ನಡೆದಿದ್ದೇನೋ ಲೆಕ್ಕವಿಲ್ಲ. ಮೊದಲು ಅಗಲವಾದ ಮರಳು, ಅದರ ಮೇಲೆ ಮೊಲದ ಹೆಜ್ಜೆ. ಆಮೇಲೆ ಗುಂಡುಕಲ್ಲುಗಳು, ಒಂದರ ಮೇಲಿಂದ ಇನ್ನೊಂದಕ್ಕೆ ಹಾರಬೇಕು. ಅಕ್ಕ ಮುಂದೆ ಹಾರಿ ಕೈ ಚಾಚುವಳು, ನಾನು ಕಣ್ಣು ಮುಚ್ಚಿ ಹಾರುವೆ. ಒಂದು ಕಡೆ ಜಾರಿ ಬಿದ್ದು ಮೊಣಕಾಲು ಕೆತ್ತಿಹೋಯಿತು. ಅಕ್ಕ ಬೂರುಗದ ಅರಳೆಯನ್ನೇ ಅದಕ್ಕೆ ಒತ್ತಿ, ‘ಅತ್ರ ಕರಡಿಗೆ ಕೇಳಸ್ತೈತಿ’ ಎಂದಳು. ಅಳು ಅಲ್ಲಿಗೇ ನಿಂತುಹೋಯಿತು. ಮುಂದೆ ಮುಂದೆ ಹೋದಂತೆ ಕೊಳ್ಳ ಕಿರಿದಾಯಿತು. ಎರಡೂ ಕಡೆ ಬಂಡೆ ಗೋಡೆಯಾಗಿ ಎದ್ದಿತು. ತಲೆ ಎತ್ತಿದರೆ ಆಕಾಶ ಒಂದು ನೀಲಿ ಪಟ್ಟಿಯಷ್ಟೇ ಕಾಣುತ್ತಿತ್ತು. ಸೂರ್ಯ ಎಲ್ಲಿದ್ದಾನೆ ಎಂದು ಅಲ್ಲಿಂದ ತಿಳಿಯುವಂತಿರಲಿಲ್ಲ.

ಅಕ್ಕ ಗಕ್ಕನೆ ನಿಂತಳು. ಮೂಗು ಅರಳಿಸಿ ಗಾಳಿ ಎಳೆದುಕೊಂಡಳು.

‘ವಾಸನಿ ಬಂತೇನು? ಹಸಿ ವಾಸನಿ!’

ಬಂತು. ಮೊದಲ ಮಳೆ ಬಿದ್ದಾಗ ಬರುವ ವಾಸನೆ, ಆ ಉರಿ ಬೇಸಿಗೆಯಲ್ಲಿ. ಬಂಡೆಯ ಮೇಲೆ ಹಸಿರು ಪಾಚಿ ಇತ್ತು. ಅಕ್ಕ ಮರಳಿನಲ್ಲಿ ಬೆರಳಿಂದ ಕುಳಿ ತೋಡಿದರೆ ತಳದಲ್ಲಿ ನೀರು ಜಿನುಗಿತು. ಅವಳು ಆ ಒದ್ದೆ ಬೆರಳನ್ನು ನನ್ನ ಹಣೆಗೆ ಒತ್ತಿ ನಕ್ಕಳು. ಅಷ್ಟು ಸಂತೋಷವಾಗಿ ಅವಳು ನಕ್ಕಿದ್ದನ್ನು ನಾನು ಮತ್ತೆ ನೋಡಿಲ್ಲ. ಎದುರಿಗೆ ಮನೆಯಷ್ಟು ದೊಡ್ಡ ಬಂಡೆಯೊಂದು ದಾರಿಗೆ ಅಡ್ಡ ಬಿದ್ದಿತ್ತು. ಅದರ ಬದಿಯಲ್ಲಿ ಹತ್ತಿ ಇಳಿದರೆ ಆಚೆ ತಿರುವು. ಅಕ್ಕ ಬಂಡೆಯ ಬಿರುಕಿನಲ್ಲಿ ಕಾಲಿಟ್ಟು ಒಂದಾಳೆತ್ತರ ಏರಿ, ನನ್ನನ್ನು ಎಳೆದುಕೊಳ್ಳಲು ಬಗ್ಗಿದಳು.

ಆಗ ಕೇಳಿತು. ಡುಂಯ್.

ನಾವಿಬ್ಬರೂ ಕಲ್ಲಾದೆವು. ಕೊಳ್ಳದ ಗೋಡೆಗಳ ನಡುವೆ ಅದು ಎಲ್ಲಿಂದ ಬಂತೆಂದು ತಿಳಿಯಲಿಲ್ಲ, ಹಿಂದಿನಿಂದಲೂ ಬಂದಂತಿತ್ತು, ಮೇಲಿನಿಂದಲೂ ಬಂದಂತಿತ್ತು. ಸ್ವಲ್ಪ ತಡೆದು ಮತ್ತೆ, ಡುಂಯ್.

‘ಅಪ್ಪ,’ ಎಂದೆ ನಾನು.

ನನ್ನ ಕಾಲು ಆಗಲೇ ತಿರುಗಿದ್ದವು. ಅಕ್ಕ ಬಂಡೆಯ ಮೇಲೆ ಹಾಗೆಯೇ ಇದ್ದಳು. ಇನ್ನೊಂದಿಷ್ಟು ಏರಿದರೆ ಆಚೆ ಕಾಣುತ್ತಿತ್ತು. ಏರಲಿ, ನೋಡಿಯೇ ಬಿಡಲಿ ಎಂದು ನನ್ನ ಜೀವ ಬಡಿದುಕೊಳ್ಳುತ್ತಿತ್ತು. ಆದರೆ ಮಾತು ಕೊಟ್ಟಿದ್ದೆವು. ಅವಳು ಬಂಡೆಗೆ ಅಂಗೈಯಿಂದ ಒಂದು ಏಟು ಹಾಕಿದಳು, ತಂಟೆಕೋರ ಎಮ್ಮೆಯ ಬೆನ್ನಿಗೆ ಹಾಕುವಂತೆ. ಆಮೇಲೆ ಇಳಿದು ಬಂದಳು.

‘ನಡಿ. ಅಪ್ಪ ಕರದಾನ.’

ದಾರಿಯುದ್ದಕ್ಕೂ ಅವಳು ನನ್ನ ಕೈ ಬಿಡಲಿಲ್ಲ. ಹಿಂತಿರುಗಿಯೂ ನೋಡಲಿಲ್ಲ.

ನಾವು ಏದುಸಿರು ಬಿಡುತ್ತ ಬೂರುಗದ ಮರಗಳ ಹತ್ತಿರ ಬಂದಾಗ ಅಪ್ಪ ಕೊಕ್ಕೆ ಹಿಡಿದು ಮೇಲೆ ನೋಡುತ್ತ ನಿಂತಿದ್ದ. ಚೀಲ ಅರ್ಧವೂ ತುಂಬಿರಲಿಲ್ಲ.

‘ಯಾಕ ಇಷ್ಟು ಲಗೂ ಬಂದ್ರಿ? ಸಿಕ್ತೇನು ನೀರು?’

‘ನೀನ ಬಾರಿಸಿದೆಲ್ಲಪ್ಪ!’ ಎಂದಳು ಅಕ್ಕ.

‘ಏನ ಬಾರಿಸಿದೆ? ನಾ ಬಿಲ್ಲ ಮುಟ್ಟೇ ಇಲ್ಲ.’

ಬಿಲ್ಲು ಮರದ ಬುಡದಲ್ಲಿತ್ತು. ಬಿಸಿಲಿಗೆ ತಂತಿ ಕಡಿದುಹೋಗಬಾರದೆಂದು ಅಪ್ಪ ಅದನ್ನು ಸಡಿಲು ಮಾಡಿ, ಹೆಗಲ ಮೇಲಿನ ವಸ್ತ್ರ ಹೊದಿಸಿ ಇಟ್ಟಿದ್ದ. ಸಡಿಲಾದ ತಂತಿ ಸಪ್ಪಳ ಮಾಡುವುದಿಲ್ಲ. ನಾನು ಹೋಗಿ ಬೆರಳಿಂದ ಮೀಟಿಯೂ ನೋಡಿದೆ. ಬರೀ ‘ತಪ್’ ಎಂದಿತು. ಅಕ್ಕ ಅಪ್ಪನನ್ನು ನೋಡಿದಳು, ಬಿಲ್ಲನ್ನು ನೋಡಿದಳು. ನಾವಿಬ್ಬರೂ ಕೇಳಿದ್ದೇವೆ, ಎರಡು ಸಲ ಕೇಳಿದ್ದೇವೆ ಎಂದು ನಾನು ಚೀರಿದೆ.

ಅಪ್ಪ ಹಣೆಗೆ ಕೈ ಅಡ್ಡ ಹಿಡಿದು ಸೂರ್ಯನನ್ನು ನೋಡಿದ. ಹೊತ್ತು ನಿಜವಾಗಿಯೂ ಈಗ ವಾಲತೊಡಗಿತ್ತು. ಮತ್ತೆ ಅಷ್ಟು ದೂರ ಹೋಗಿ ಬರುವಷ್ಟರಲ್ಲಿ ಕೊಳ್ಳ ಕತ್ತಲಾಗುತ್ತದೆ, ಕರಡಿಗಳ ಹೊತ್ತಾಗುತ್ತದೆ. ಆಮೇಲೆ, ‘ಮತ್ತೊಮ್ಮಿ ಹೋಗೂಣವ್ವಾ’ ಎಂದ. ಮತ್ತೊಮ್ಮೆ ಎನ್ನುವುದು ಇಲ್ಲ ಎಂದು ಮೂವರಿಗೂ ಗೊತ್ತಿತ್ತು. ಅಕ್ಕ ಮರದ ಕೆಳಗೆ ಕುಳಿತು ತನ್ನ ದಿಂಬಿನ ಕಾಯಿಗಳನ್ನು ತಾನೇ ಆರಿಸತೊಡಗಿದಳು.

ಮನೆಗೆ ಬಂದು ಹೇಳಿದಾಗ ಅವ್ವ, ಅದು ಜಿನ್ನಿನ ಕೆಲಸ ಎಂದು ನಮ್ಮಿಬ್ಬರಿಗೂ ಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕಿದಳು. ನಾನು ಅದನ್ನೇ ನಂಬಿದೆ. ಅಕ್ಕ ನಂಬಲಿಲ್ಲ. ನಾವಿಬ್ಬರೂ ಕುಳಿತು ಬೂರುಗದ ಹತ್ತಿಯಿಂದ ಕರಿ ಬೀಜ ಬಿಡಿಸುತ್ತಿದ್ದಾಗ ಅವಳು ಮೆಲ್ಲಗೆ ಹೇಳಿದಳು: ‘ಅಪ್ಪನ ಬಾರಿಸ್ಯಾನ. ನಮ್ಮನ್ನ ಕಳಿಸಿದ ಮ್ಯಾಲ ಅವಗ ಅಂಜಿಕಿ ಬಂದೈತಿ. ಬಾರಿಸಿ, ಆಮ್ಯಾಲ ತಂತಿ ಸಡಲ ಮಾಡ್ಯಾನ. ನನ್ನ ಮ್ಯಾಲ ನಂಬಿಕಿ ಇರಲಿಲ್ಲ ಅವಗ.’ ಅದನ್ನು ಹೇಳುವಾಗ ಅವಳ ಕಣ್ಣಲ್ಲಿ ನೀರಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು.

ದಿಂಬು ತುಂಬಿತು. ನಿಖಾ ಆಯಿತು. ಅಕ್ಕ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಮೋಟಾರಿನ ಕಿಟಕಿಯಲ್ಲಿ ಕುಳಿತು ಹೋದಳು. ನಾನು ಧೂಳಿನಲ್ಲಿ ಸ್ವಲ್ಪ ದೂರ ಹಿಂದೆ ಓಡಿದೆ. ಅಪ್ಪ ಅವತ್ತು ಬಾಗಿಲಲ್ಲಿ ನಿಂತು ಬಿಲ್ಲು ಬಾರಿಸಲಿಲ್ಲ. ಬಾರಿಸಿದ್ದರೆ ಮೋಟಾರಿನಿಂದ ಇಳಿದು ಓಡಿ ಬರುತ್ತಿದ್ದಳೋ ಏನೋ ಎಂದು ನಾನು ಎಷ್ಟೋ ದಿನ ಅಂದುಕೊಳ್ಳುತ್ತಿದ್ದೆ.

ಆಮೇಲೆ ಅವಳು ರಂಜಾನಿಗೆ ಬರುತ್ತಿದ್ದಳು, ಹೆರಿಗೆಗೆ ಬಂದಳು. ಕೊಳ್ಳಕ್ಕೆ ಹೋಗುವ ಮಾತು ಯಾರೂ ಎತ್ತಲಿಲ್ಲ. ಬಂದಾಗಲೆಲ್ಲ ಚಹಾ ಕೊಡುತ್ತ ನಗುನಗುತ್ತಲೇ, ‘ಖರೇ ಹೇಳು ಅಪ್ಪ, ಅವತ್ತ ನೀನ ಬಾರಿಸಿದ್ದಿಲ್ಲ?’ ಎಂದು ಕೇಳುತ್ತಿದ್ದಳು. ಅಪ್ಪ ಪ್ರತಿ ಸಲವೂ, ‘ಇಲ್ಲವ್ವಾ’ ಎನ್ನುತ್ತಿದ್ದ. ಅಕ್ಕ ನಗುತ್ತಿದ್ದಳು. ಆದರೆ ಆ ನಗೆಯಲ್ಲಿ ಒಂದು ಮುಳ್ಳು ಇದ್ದೇ ಇತ್ತು, ಅದು ಅಪ್ಪನಿಗೂ ಚುಚ್ಚುತ್ತಿತ್ತು. ಅಪ್ಪ ಹೋಗುವ ಮುಂಚೆ, ಹಾಸಿಗೆ ಹಿಡಿದಾಗಲೂ, ಅವಳು ಕೇಳದಿದ್ದರೂ ಅವನಾಗಿಯೇ ಅಂದ: ‘ನಾ ಬಾರಿಸಿಲ್ಲವ್ವಾ.’ ಅಕ್ಕ ಅವನ ಕಾಲು ಒತ್ತುತ್ತ ಹೂಂ ಎಂದಳು. ಅವಳು ನಂಬಲಿಲ್ಲ ಎನ್ನುವುದು ನನಗೆ ಗೊತ್ತಾಯಿತು. ಅಪ್ಪನಿಗೂ ಗೊತ್ತಾಗಿರಬೇಕು.

ಈಗ ನಾನು ಕೊಪ್ಪಳದಲ್ಲಿ ಮಗನ ಮನೆಯಲ್ಲಿದ್ದೇನೆ. ನನ್ನ ಮೊಮ್ಮಗಳು ಕಾಲೇಜಿಗೆ ಹೋಗುತ್ತಾಳೆ. ಅವಳಿಗೆ ಗೇರ್ ಇರುವ ಸೈಕಲ್ ಇದೆ, ತಲೆಗೆ ಹೆಲ್ಮೆಟ್, ಬೆನ್ನಿಗೆ ನೀರಿನ ಚೀಲ. ಅವಳೂ ಅವಳ ಗೆಳತಿಯರೂ ರಜೆ ಬಂತೆಂದರೆ ಗುಡ್ಡ ಕೊಳ್ಳ ಸುತ್ತುತ್ತಾರೆ. ಹೆಣ್ಣುಮಕ್ಕಳೇ ಹೊರಟಾಗ ಬೀದಿಯವರು ಈಗಲೂ ಒಮ್ಮೆ ತಿರುಗಿ ನೋಡುತ್ತಾರೆ. ಅವರು ನೋಡುವಷ್ಟರಲ್ಲಿ ಇವರು ತಿರುವು ದಾಟಿರುತ್ತಾರೆ. ಈ ಬೇಸಿಗೆಯಲ್ಲಿ ಅವಳು ನನ್ನನ್ನು ಕೂರಿಸಿಕೊಂಡು ಕೊಳ್ಳದ ದಾರಿಯನ್ನು ಮತ್ತೊಮ್ಮೆ ಹೇಳಿಸಿಕೊಂಡಳು. ಮುತ್ತುಗದ ಗಿಡ, ಮರಳು, ಗುಂಡುಕಲ್ಲು, ಅಡ್ಡಬಂಡೆ. ಒಂದು ಮುಂಜಾನೆ ಸೈಕಲ್ಲನ್ನು ತಾವರಗೇರಾ ಬಸ್ಸಿನ ಮೇಲೆ ಹಾಕಿ ಗೆಳತಿಯರ ಜೊತೆ ಹೊರಟೇ ಬಿಟ್ಟಳು.

ಅವಳ ತಾಯಿ ಮಧ್ಯಾಹ್ನದಿಂದ ಮೊಬೈಲ್ ಹಿಡಿದು ಅಂಗಳ ತುಂಬ ಓಡಾಡಿದಳು. ಕೊಳ್ಳದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲವಂತೆ. ಹಾಗಾಗಿ ಯಾರಿಗೂ ಅವಳನ್ನು ವಾಪಸು ಕರೆಯಲಾಗಲಿಲ್ಲ. ನನಗೂ ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ? ಆದರೆ ಒಳಗೊಳಗೇ, ಫೋನು ಸಿಗದಿರಲಿ, ಅವಳಾದರೂ ಆ ನೀರು ಮುಟ್ಟಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಸಂಜೆ ಬಂದಳು. ಮೈಯೆಲ್ಲ ಮಣ್ಣು, ಕೂದಲಲ್ಲಿ ಒಂದು ಬೂರುಗದ ಅರಳೆ. ಬೂಟು ಕೂಡ ಬಿಚ್ಚದೆ ನನ್ನ ಪಕ್ಕ ಕುಳಿತಳು.

‘ಅಜ್ಜಿ, ಆ ಅಡ್ಡಬಂಡಿ ಹಿಂದ ಐತಿ ನೀರು! ಏರಿ ಇಳದ್ರ ಅಷ್ಟ. ನಮ್ಮ ಅಂಗಳದಿಂದ ಓಣಿ ನಳದಷ್ಟು ದೂರನೂ ಇಲ್ಲ. ಇದನ ಕೇಳಬೇ ಮೊದ್ಲ.’

ಅವಳು ಮೊಬೈಲ್ ಹಿಡಿದಳು. ಬಂಡೆಯ ಕೆಳಗೊಂದು ಗವಿ, ಗವಿಯೊಳಗೆ ಕಪ್ಪಗೆ ಆಳವಾದ ನೀರು. ಮೇಲಿನ ಸೀಳಿನಿಂದ ದಪ್ಪನೆಯ ಹನಿಯೊಂದು ಊರಿ, ತೂಗಿ, ಬಿತ್ತು. ಡುಂಯ್. ಗವಿ ತುಂಬಿತು. ತಡೆದು ಇನ್ನೊಂದು ಹನಿ. ಡುಂಯ್.

ಮರುದಿನವೇ ನನ್ನನ್ನು ಮಂಗಳೂರಿಗೆ, ಅಕ್ಕನ ಮನೆಗೆ ಕರೆದುಕೊಂಡು ಹೋಗು ಎಂದೆ.

ಅಕ್ಕ ತನ್ನ ಮೊಮ್ಮಕ್ಕಳ ನಡುವೆ ಮಂಚದ ಮೇಲೆ ಕುಳಿತು ಕೊತ್ತಂಬರಿ ಸೋಸುತ್ತಿದ್ದಳು. ಮೊಣಕಾಲು ನೋವು, ಈಗ ಕೋಲಿಲ್ಲದೆ ಏಳಲಾಗುವುದಿಲ್ಲ. ಕಣ್ಣೂ ಮಂಜು. ನಾನು ಮಂಚವೇರಿ ಅವಳ ಪಕ್ಕ ಕುಳಿತೆ. ನನ್ನ ಮೊಮ್ಮಗಳು ಮೊಬೈಲಿನಲ್ಲಿ ಕೊಳ್ಳ ತೋರಿಸಲು ಹೋದಳು. ಅಕ್ಕ ಚಿತ್ರ ನೋಡಲಿಲ್ಲ. ಸಪ್ಪಳ ಬಂದ ಕೂಡಲೇ ಕೈಯಲ್ಲಿದ್ದ ಕೊತ್ತಂಬರಿ ಬಿಟ್ಟು, ಮೊಬೈಲನ್ನು ಕಸಿದುಕೊಂಡು ಕಿವಿಗೆ ಒತ್ತಿ ಹಿಡಿದಳು.

‘ಇದು ಆ ನೀರ?’ ಎಂದು ಕೇಳಿದಳು.

‘ಹೂಂ ಅಜ್ಜಿ. ನೀವು ಹತ್ತಿ ತಿರಗಿ ಬಂದ ಬಂಡಿ ಹಿಂದನ ಐತಿ.’

ಅಕ್ಕ ನನ್ನ ಕಡೆ ತಿರುಗಿದಳು.

‘ಅಪ್ಪ ಖರೇನ ಹೇಳಿದ್ದ ನೋಡ,’ ಎಂದಳು. ‘ಕಡೀತನಕ ಖರೇನ ಹೇಳಿದ್ದ. ನಾ ನಂಬಲಿಲ್ಲ.’

ಅವಳು ಅತ್ತಳು. ನಾನೂ ಅತ್ತೆ. ಮಕ್ಕಳೆಲ್ಲ ಗಾಬರಿಯಾಗಿ ನೋಡುತ್ತಿದ್ದರು. ಅವರಿಗೆ ಹೇಗೆ ಹೇಳುವುದು? ಪಿಂಜಾರನ ಮಕ್ಕಳಲ್ಲದೆ ಬೇರೆ ಯಾರೇ ಆಗಿದ್ದರೂ ಆ ಸಪ್ಪಳ ಕೇಳಿ ಮುಂದಕ್ಕೆ ಓಡುತ್ತಿದ್ದರು. ನಾವು ಮಾತ್ರ, ನೀರು ಕರೆದಾಗ ಅಪ್ಪ ಕರೆದನೆಂದು ಮನೆಗೆ ಬಂದೆವು.

ಮಕ್ಕಳೇ, ನಿಮ್ಮ ಕಾಲ ನಮ್ಮದಕ್ಕಿಂತ ದೊಡ್ಡದು. ನಾವು ಬಂಡೆಯ ಈಚೆ ನಿಂತೆವು, ನೀವು ಆಚೆ ಹೋಗಿ ಬಂದು ನಮಗೆ ತೋರಿಸುತ್ತೀರಿ. ನನಗೆ ಅದರಲ್ಲಿ ಎಷ್ಟು ಸಂತೋಷವೆಂದರೆ ಹೇಳಲಾರೆ. ನಿಮ್ಮನ್ನು ಮನೆಗೆ ಕರೆಯಲು ನಿಮ್ಮ ಕಿಸೆಯಲ್ಲೇ ಗಂಟೆ ಇದೆ. ಅದು ಬಡಿದುಕೊಂಡರೆ ಕರೆದವರು ಯಾರು ಎಂದು ನೋಡುತ್ತೀರಿ, ಕೆಲವೊಮ್ಮೆ ಎತ್ತುತ್ತೀರಿ, ಕೆಲವೊಮ್ಮೆ ಇಲ್ಲ. ಅದರ ಬಗ್ಗೆ ನಾನೇನೂ ಬೈಯುವುದಿಲ್ಲ. ಆದರೆ ಅಪ್ಪನ ಬಿಲ್ಲು ಹೇಗಿತ್ತು ಎಂದು ನಿಮಗೆ ಕೇಳಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಅದಕ್ಕೆ ಯಾವಾಗಲೋ ಗೆದ್ದಲು ಹಿಡಿಯಿತು. ಈಗ ಆ ಕೊಳ್ಳ ಇದೆ. ಹೋಗಿ ಕೇಳಿ. ಬಿಸಿಲು ಇರುವಾಗಲೇ ತಿರುಗಿ ಬನ್ನಿ, ಕರಡಿಗಳು ಈಗಲೂ ಇವೆ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಮೊಬೈಲನ್ನು ಮೊಮ್ಮಗಳ ಕೈಗೆ ಕೊಟ್ಟಳು. ‘ಇನ್ನೊಮ್ಮಿ ಹಚ್ಚವ್ವಾ’ ಎಂದಳು. ಮೊಮ್ಮಗಳು ಹಚ್ಚಿದಳು. ಡುಂಯ್ ಎಂದಿತು. ಮಂಚದಿಂದ ಇಳಿಬಿಟ್ಟಿದ್ದ ನಮ್ಮಿಬ್ಬರ ಕಾಲುಗಳೂ ನೆಲ ಹುಡುಕಿದವು.